ಜಗಳಕ್ಕೆ ಮುಂಚಿನ ಮಾತು: ನಲಿ-ಕಲಿ ತರಗತಿಯ ಮಕ್ಕಳಿಗೆ ಹೊಂದಿಕೊಂಡು ನಡೆಯುವುದನ್ನು ಕಲಿಸುವ ಬಗೆ

ಜೂನ್ ತಿಂಗಳ ಎರಡನೇ ವಾರ. ಒಂದನೇ ತರಗತಿಗೆ ಸೇರಿ ಇನ್ನೂ ಹತ್ತು ದಿನ ತುಂಬದ ಹುಡುಗನೊಬ್ಬ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯ ಕೈಯಿಂದ ಮೆಂಡರನ್ನು ಕಿತ್ತುಕೊಂಡ, ಅವಳು ಅವನ ತೋಳನ್ನು ಪರಚಿದಳು, ಇಬ್ಬರೂ ಅಳುತ್ತ ಬಂದು ನನ್ನ ಮುಂದೆ ನಿಂತರು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕುಳಿತು ಕಾರ್ಡುಗಳ ನೆರವಿನಿಂದ ಕಲಿಯುವ ನಲಿ-ಕಲಿ ತರಗತಿಯ ಹೊಣೆ ನನಗೆ ಬಂದ ಮೊದಲ ವರ್ಷ ಅದು. "ಇಬ್ಬರೂ ಸಾರಿ ಹೇಳಿ, ಕೈ ಕೊಡಿ" ಎಂದೆ. ಹಾಜರಿ ಕರೆದಾಗ "ಯಸ್ ಮಿಸ್" ಎನ್ನುವ ಧಾಟಿಯಲ್ಲೇ ಇಬ್ಬರೂ "ಸಾರಿ" ಎಂದು ಹೋಗಿ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಅದೇ ಮೆಂಡರಿನ ತಕರಾರು ಮತ್ತೆ ನನ್ನ ಮುಂದೆ ಬಂತು.

ಸಂಜೆ ಕುಳಿತು ಯೋಚಿಸಿದಾಗ ವಿಷಯ ಸರಳವಾಗಿ ಕಂಡಿತು. ಆ ಹುಡುಗನ ಪೆನ್ಸಿಲಿನ ಮೊನೆ ಮುರಿದಿತ್ತು, ಅವನಿಗೆ ಮೆಂಡರು ಬೇಕೇ ಬೇಕಾಗಿತ್ತು. ಮನೆಯಲ್ಲಿ ಬೇಕಾದದ್ದನ್ನು ಕೈಚಾಚಿ ತೆಗೆದುಕೊಂಡು ಬೆಳೆದ ಮಗುವಿಗೆ, ಗುರುತು ಪರಿಚಯವಿಲ್ಲದ ಇನ್ನೊಂದು ಮಗುವಿನಿಂದ ವಸ್ತುವನ್ನು ಕೇಳಿ ಪಡೆಯಲು ಬೇಕಾದ ಒಂದೇ ಒಂದು ವಾಕ್ಯ ಬಾಯಲ್ಲಿರಲಿಲ್ಲ. ನಾನು ಹೇಳಿಕೊಟ್ಟದ್ದು ತಪ್ಪಾದ ಮೇಲೆ ಆಡುವ ಪದ. ಅವನಿಗೆ ಬೇಕಾಗಿದ್ದದ್ದು ತಪ್ಪಾಗುವುದಕ್ಕೆ ಮುಂಚೆ ಆಡುವ ಮಾತು. ಅಕ್ಷರ ಬರೆಯಲು ಬಾರದ ಮಗುವನ್ನು ಯಾರೂ ಕೆಟ್ಟ ಮಗು ಎನ್ನುವುದಿಲ್ಲ. ಆದರೆ ಕೇಳಿ ಪಡೆಯಲು, ಸರದಿ ಕಾಯಲು, ಆಟದಲ್ಲಿ ಸೋತಾಗ ತಡೆದುಕೊಳ್ಳಲು ಬಾರದ ಮಗುವನ್ನು ಹಟಮಾರಿ ಎಂದೋ, ಮನೆಯಲ್ಲಿ ಬುದ್ಧಿ ಹೇಳಿಲ್ಲ ಎಂದೋ ನಾವು ಬೇಗನೆ ತೀರ್ಮಾನಿಸಿಬಿಡುತ್ತೇವೆ. ಆಮೇಲಿನ ವರ್ಷಗಳಲ್ಲಿ ಈ ಕೌಶಲಗಳನ್ನು ಓದು ಬರಹದಂತೆಯೇ ಹಂತ ಹಂತವಾಗಿ ಕಲಿಸಲು ಪ್ರಯತ್ನಿಸಿದ್ದೇನೆ. ಒಂದರಿಂದ ಮೂರನೇ ತರಗತಿಯವರೆಗೆ ಪಾಠ ಮಾಡುವವರಿಗೆ ಉಪಯೋಗವಾಗಲಿ ಎಂದು ಆ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಇದಕ್ಕೆ ಸಮಯವೆಲ್ಲಿದೆ ಎಂಬ ಪ್ರಶ್ನೆ ಸಹಜ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಸಾಮಾಜಿಕ, ಭಾವನಾತ್ಮಕ ಮತ್ತು ನೈತಿಕ ಬೆಳವಣಿಗೆಯನ್ನು ಭಾಷೆ, ಗಣಿತಗಳ ಸಾಲಿನಲ್ಲೇ ಒಂದು ಕಲಿಕಾ ಕ್ಷೇತ್ರವಾಗಿ ಇಟ್ಟಿದೆ. ಹೀಗಿರುವಾಗ ಇದನ್ನು ಹೆಚ್ಚುವರಿ ಕೆಲಸ ಎನ್ನುವಂತಿಲ್ಲ. ಇದಕ್ಕೆ ಬೇರೆ ಅವಧಿಯೂ ಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ ಅಭ್ಯಾಸ, ಉಳಿದಂತೆ ತರಗತಿಯಲ್ಲಿ ಹೇಗೂ ನಡೆಯುವ ಸಂದರ್ಭಗಳು, ಅಷ್ಟು ಸಾಕಾಗುತ್ತದೆ.

ಮೊದಲ ವಾರ ನೋಡುವುದಷ್ಟೇ ಕೆಲಸ

ಪಾಠ ಆರಂಭಿಸುವ ಮುನ್ನ ಒಂದು ವಾರ ಸಣ್ಣ ನೋಟುಪುಸ್ತಕವೊಂದನ್ನು ಜೊತೆಗಿಟ್ಟುಕೊಂಡು ಜಗಳಗಳು ಎಲ್ಲಿ, ಯಾವ ಹೊತ್ತಿನಲ್ಲಿ ಆಗುತ್ತವೆ ಎಂದು ಬರೆದುಕೊಳ್ಳಿ. ಯಾರು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ. ನನ್ನ ಪುಸ್ತಕದಲ್ಲಿ ಮತ್ತೆ ಮತ್ತೆ ಕಂಡ ಜಾಗಗಳು ಐದಾರೇ: ಕಲಿಕಾ ತಟ್ಟೆಗಳಿಂದ ಕಾರ್ಡು ತೆಗೆದುಕೊಳ್ಳುವ ಮೂಲೆ, ಬಾಗಿಲ ಬಳಿ ಚಪ್ಪಲಿ ಬಿಡುವ ಜಾಗ, ನೀರಿನ ನಲ್ಲಿ, ಬಿಸಿಯೂಟದ ಸಾಲು, ಆಟದ ಅವಧಿಯಲ್ಲಿ ಗುಂಪು ಆರಿಸುವ ಹೊತ್ತು, ಸಂಜೆ ಬ್ಯಾಗು ಹೆಗಲಿಗೇರಿಸುವ ಕೊನೆಯ ಐದು ನಿಮಿಷ.

ಹೀಗೆ ಬರೆದಿಟ್ಟರೆ ಎರಡು ಲಾಭಗಳಿವೆ. ಕೆಲವು ಜಗಳಗಳಿಗೆ ಪಾಠವೇ ಬೇಕಾಗಿರುವುದಿಲ್ಲ, ವ್ಯವಸ್ಥೆ ಬದಲಾಯಿಸಿದರೆ ಸಾಕು ಎಂಬುದು ಗೊತ್ತಾಗುತ್ತದೆ. ಇಪ್ಪತ್ತೆಂಟು ಮಕ್ಕಳು ಒಂದೇ ನಲ್ಲಿಗೆ ಒಂದೇ ಸಲ ಓಡಿದರೆ ನೂಕುನುಗ್ಗಲು ಆಗಿಯೇ ಆಗುತ್ತದೆ. ಗುಂಪು ಗುಂಪಾಗಿ ಬಿಟ್ಟರೆ ಅದು ಅರ್ಧಕ್ಕರ್ಧ ತಗ್ಗುತ್ತದೆ. ಚಪ್ಪಲಿ ಬಿಡುವಲ್ಲಿ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ ಮೇಲೆ ಅಲ್ಲಿನ ತಕರಾರು ನಿಂತೇಹೋಯಿತು. ಹೀಗೆ ಜರಡಿ ಹಿಡಿದ ಮೇಲೂ ಉಳಿಯುವ ಸಂದರ್ಭಗಳು ಯಾವ ಕೌಶಲವನ್ನು ಮೊದಲು ಕಲಿಸಬೇಕು ಎಂಬುದನ್ನು ತಾವಾಗಿ ತೋರಿಸಿಕೊಡುತ್ತವೆ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಕೌಶಲಗಳನ್ನು ಕೈಗೆತ್ತಿಕೊಳ್ಳಬೇಡಿ. ಜೂನ್ ತಿಂಗಳಿಗೆ ಕೇಳಿ ಪಡೆಯುವುದು ಮತ್ತು ಸರದಿ ಕಾಯುವುದು ಎರಡೇ ಸಾಕು.

ಕೇಳುವ ಮಾತು, ಬೇಡವೆನ್ನುವ ಮಾತು, ತಪ್ಪೊಪ್ಪುವ ಮಾತು

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಾವು ಹೆಚ್ಚು ಎಡವುವುದು ಇಲ್ಲಿಯೇ. ಶಾಲೆಯ ಗೋಡೆಗಳ ಮೇಲೆ "ದಯವಿಟ್ಟು, ಧನ್ಯವಾದ, ಕ್ಷಮಿಸಿ" ಎಂಬ ಮೂರು ಪದಗಳನ್ನು ಬರೆಸಿ, ಮಕ್ಕಳಿಂದ ಹೇಳಿಸಿ, ಶಿಷ್ಟಾಚಾರ ಕಲಿಸಿದೆವು ಎಂದುಕೊಳ್ಳುತ್ತೇವೆ. ಈ ಮೂರೂ ಬರಹದ ಪದಗಳು. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಆರು ವರ್ಷದ ಮಗು ಇನ್ನೊಂದು ಮಗುವಿಗೆ "ದಯವಿಟ್ಟು ಬಳಪ ಕೊಡು" ಎನ್ನುವುದನ್ನು ಯಾರೂ ಕೇಳಿರಲಾರರು. ಕನ್ನಡದ ನಯವಿರುವುದು ಕ್ರಿಯಾಪದದ ಕೊನೆಯಲ್ಲಿ, ದನಿಯ ಏರಿಳಿತದಲ್ಲಿ, ಮಾತಿನ ಮೊದಲಿಗೆ ಬರುವ ಹೆಸರಿನಲ್ಲಿ. "ಕೊಡು" ಎಂಬುದು ಅಪ್ಪಣೆ; "ಕೊಡ್ತೀಯಾ?" ಎಂಬುದು ಕೇಳಿಕೆ. "ಸ್ವಲ್ಪ ಕೊಡ್ತೀಯಾ? ಬರ್ದು ಕೊಡ್ತೀನಿ" ಎಂದರೆ ಕೇಳಿಕೆಯೂ ಆಯಿತು, ಹಿಂದಿರುಗಿಸುವ ಮಾತೂ ಆಯಿತು. ಮಗುವಿಗೆ ಕಲಿಸಬೇಕಾದದ್ದು ಅಪ್ಪಣೆಯನ್ನು ಪ್ರಶ್ನೆಯಾಗಿ ತಿರುಗಿಸುವ ಈ ಚಿಕ್ಕ ಪಲ್ಲಟವನ್ನು.

ಊರು ಬದಲಾದಂತೆ ವಾಕ್ಯವೂ ಬದಲಾಗಬೇಕು. ಮೈಸೂರಿನ ಕಡೆ "ಕೊಡ್ತೀಯಾ" ಎಂದರೆ ಧಾರವಾಡದ ಕಡೆ "ಕೊಡ್ತೀಯೇನು" ಎನ್ನಬಹುದು. ಶಿಕ್ಷಕರನ್ನು ಮಿಸ್, ಟೀಚರ್ ಎಂದು ಕರೆಯುವ ಊರುಗಳಿರುವಂತೆ ಅಕ್ಕೋರೆ, ಗುರುಗಳೇ ಎಂದು ಕರೆಯುವ ಊರುಗಳೂ ಇವೆ. ನಿಮ್ಮ ಮಕ್ಕಳು ಮನೆಯಲ್ಲಿ ಆಡುವ ಮಾತಿನಲ್ಲೇ ವಾಕ್ಯವನ್ನು ರೂಪಿಸಿಕೊಡಿ. ಪುಸ್ತಕದ ಭಾಷೆಯಲ್ಲಿ ಕಲಿತ ಕೇಳಿಕೆ ಶಿಕ್ಷಕರ ಮುಂದೆ ಒಪ್ಪಿಸುವ ಪಾಠವಾಗುತ್ತದೆ, ನಲ್ಲಿಯ ಬಳಿ ನೆನಪಿಗೆ ಬರುವುದಿಲ್ಲ.

ಕೇಳುವುದನ್ನು ಕಲಿಸಿದವರು ಬೇಡವೆನ್ನುವುದನ್ನೂ ಕಲಿಸಲೇಬೇಕು. "ಕೊಡ್ತೀಯಾ?" ಎಂದ ಕೂಡಲೇ ಎದುರಿನ ಮಗು ಕೊಡಲೇಬೇಕು ಎಂದಾದರೆ ಅದು ನಯವಾದ ಕಿತ್ತುಕೊಳ್ಳುವಿಕೆಯಷ್ಟೇ ಆಗುತ್ತದೆ. "ನಾನಿನ್ನೂ ಬರೀತಿದೀನಿ, ಆಮೇಲೆ ಕೊಡ್ತೀನಿ" ಎಂಬ ವಾಕ್ಯವನ್ನು ಕೊಡಿ. ಅದನ್ನು ಕೇಳಿಸಿಕೊಂಡ ಮಗು ಏನು ಮಾಡಬೇಕು ಎಂಬುದನ್ನೂ ಅಭ್ಯಾಸ ಮಾಡಿಸಿ: ಕಾಯಬಹುದು, ಬೇರೆಯವರನ್ನು ಕೇಳಬಹುದು, ಶಿಕ್ಷಕರ ಮೇಜಿನ ಮೇಲಿರುವ ಡಬ್ಬಿಯಿಂದ ತೆಗೆದುಕೊಳ್ಳಬಹುದು. ಎಲ್ಲರಿಗೂ ಸೇರಿದ ನಾಲ್ಕು ಪೆನ್ಸಿಲು, ನಾಲ್ಕು ರಬ್ಬರು, ಎರಡು ಮೆಂಡರುಗಳ ಡಬ್ಬಿಯೊಂದು ತರಗತಿಯಲ್ಲಿರಲಿ. ಹೊಸ ಮೆಂಡರು ತರಲು ಸಾಧ್ಯವಾಗದ ಮನೆಯ ಮಗು ದಿನವೂ ಕೇಳುವವನಾಗಿಯೇ ಉಳಿಯಬಾರದು.

ತಪ್ಪೊಪ್ಪುವ ಮಾತಿಗೆ ಬಂದರೆ, "ಸಾರಿ" ಎಂಬ ಪದವನ್ನು ನಾನು ನಿಷೇಧಿಸಿಲ್ಲ. ಅದಕ್ಕೆ ಒಂದು ಬಾಲ ಸೇರಿಸಿದ್ದೇನೆ. ತಳ್ಳಿದ ಮಗು "ನೋಡ್ಲಿಲ್ಲ, ಪೆಟ್ಟಾಯ್ತಾ?" ಎಂದು ಕೇಳಬೇಕು. ಬೇಕೆಂದೇ ತಳ್ಳಿದ್ದರೆ "ಸಿಟ್ಟು ಬಂದಿತ್ತು, ತಪ್ಪಾಯ್ತು" ಎನ್ನಬೇಕು. ಆಮೇಲೆ ಏನಾದರೂ ಒಂದು ಕೆಲಸ ಮಾಡಬೇಕು. ಬಿದ್ದ ಕಾರ್ಡುಗಳನ್ನು ಆರಿಸಿಕೊಡುವುದು, ಗಾಯ ತೊಳೆಯಲು ನೀರು ತಂದುಕೊಡುವುದು, ಹರಿದ ಹಾಳೆಗೆ ಅಂಟು ಹಚ್ಚುವುದು, ಹೀಗೆ. ಪೆಟ್ಟಾಯಿತೇ ಎಂದು ಕೇಳಬೇಕಾದರೆ ಮಗು ಎದುರಿನ ಮುಖವನ್ನು ನೋಡಲೇಬೇಕಾಗುತ್ತದೆ, ಇನ್ನೊಬ್ಬರ ನೋವು ಗಮನಕ್ಕೆ ಬರುವುದು ಆಗ. ಇನ್ನೊಬ್ಬರ ಮನಸ್ಸಿನಲ್ಲಿರುವುದು ತನ್ನ ಮನಸ್ಸಿನಲ್ಲಿರುವುದಕ್ಕಿಂತ ಬೇರೆಯಾಗಿರಬಹುದು ಎಂಬ ತಿಳಿವು ಮಕ್ಕಳಲ್ಲಿ ನಾಲ್ಕೈದು ವರ್ಷದ ಸುಮಾರಿಗೆ ಮೂಡತೊಡಗುತ್ತದೆ. ಆರು ವರ್ಷದ ಮಗುವಿನಲ್ಲಿ ಅದು ಇದ್ದೇ ಇದೆ, ಆದರೆ ಸಿಟ್ಟಿನ ಭರದಲ್ಲಿ ಕೈಗೆ ಸಿಗುವುದಿಲ್ಲ.

ಹೆಸರಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಮೈಬಣ್ಣ, ಮೈಕಟ್ಟು, ತೊದಲು, ಕೇರಿಯ ಹೆಸರು ಹಿಡಿದು ಕರೆಯುವ ಅಡ್ಡಹೆಸರುಗಳು ಒಂದನೇ ತರಗತಿಯಲ್ಲೇ ಹುಟ್ಟಿಕೊಳ್ಳುತ್ತವೆ, ಮತ್ತು ಏಳನೇ ತರಗತಿಯವರೆಗೂ ಬಿಡುವುದಿಲ್ಲ. ಮೊದಲ ದಿನವೇ ಪ್ರತಿ ಮಗುವನ್ನೂ "ನಿನ್ನನ್ನ ಏನಂತ ಕರೀಬೇಕು?" ಎಂದು ಎಲ್ಲರ ಮುಂದೆ ಕೇಳಿ, ಆ ಹೆಸರಿನಿಂದಲೇ ಎಲ್ಲರೂ ಕರೆಯುವಂತೆ ಮಾಡಿ. ಶಿಕ್ಷಕರು ತಾವೇ ಪ್ರೀತಿಯಿಂದ ಇಟ್ಟ ಅಡ್ಡಹೆಸರು ಕೂಡ ಮಕ್ಕಳ ಬಾಯಿಗೆ ಹೋದಾಗ ಹಂಗಿಸುವ ಹೆಸರಾಗುತ್ತದೆ.

ಒಂದು ಕೌಶಲವನ್ನು ಕಲಿಸುವ ದಾರಿ

ಉದಾಹರಣೆಗೆ ಸರದಿ ಕಾಯುವುದನ್ನು ತೆಗೆದುಕೊಳ್ಳೋಣ. ಬೆಳಗಿನ ಪ್ರಾರ್ಥನೆ ಮುಗಿದು, ಹವಾಮಾನ ನಕ್ಷೆ ತುಂಬಿದ ಮೇಲೆ ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ. ಮೂರನೇ ತರಗತಿಯ ಒಬ್ಬರನ್ನು ಮೊದಲೇ ಸಜ್ಜುಗೊಳಿಸಿಟ್ಟುಕೊಂಡು, ನೀವಿಬ್ಬರೂ ಸೇರಿ ಒಂದು ಸಣ್ಣ ದೃಶ್ಯ ಆಡಿ ತೋರಿಸಿ. ನೀವು ನಲ್ಲಿಯಲ್ಲಿ ನೀರು ಕುಡಿಯುತ್ತಿರುವವರು, ಆ ಮಗು ಹಿಂದಿನಿಂದ ಬಂದು ತಳ್ಳುವವನು. ತಪ್ಪು ಮಾಡುವ ಪಾತ್ರವನ್ನು ಎಂದೂ ನಿಜವಾಗಿ ತಳ್ಳುವ ಮಗುವಿಗೆ ಕೊಡಬೇಡಿ, ಅದು ಅವನಿಗೆ ಹಣೆಪಟ್ಟಿಯಾಗುತ್ತದೆ. ದೃಶ್ಯ ಮುಗಿದ ಕೂಡಲೇ "ಇದು ಸರಿಯೋ ತಪ್ಪೋ?" ಎಂದು ಕೇಳದಿರಿ. ತಪ್ಪು ಎಂದು ಒಕ್ಕೊರಲಿನಿಂದ ಕೂಗುವುದು ಮಕ್ಕಳಿಗೆ ಬಹಳ ಸುಲಭ, ಆ ಕೂಗಿನಿಂದ ಏನೂ ಕಲಿತಂತಾಗುವುದಿಲ್ಲ. "ಈಗ ಟೀಚರಿಗೆ ಏನಾಯ್ತು? ಹಿಂದೆ ನಿಂತವನಿಗೆ ಯಾಕೆ ಅಷ್ಟು ಅವಸರ?" ಎಂದು ಕೇಳಿ. "ಅವನಿಗೆ ಬಾಯಾರಿತ್ತು", "ಬೆಲ್ ಹೊಡೆದುಬಿಡುತ್ತೆ ಅಂತ ಹೆದರಿಕೆ", "ನೀರು ಖಾಲಿಯಾಗುತ್ತೆ ಅಂತ" ಎಂಬ ಉತ್ತರಗಳು ಬರುತ್ತವೆ. ಬೇಸಿಗೆಯಲ್ಲಿ ಟ್ಯಾಂಕು ಖಾಲಿಯಾಗುವ ಊರಿನಲ್ಲಿ ಮೂರನೆಯ ಉತ್ತರ ನಿಜವಾದ ಭಯ. ಅದನ್ನು ತಳ್ಳಿಹಾಕದೆ, ಎಲ್ಲರಿಗೂ ನೀರು ಸಿಗುವಂತೆ ಏನು ಮಾಡೋಣ ಎಂದು ಅವರನ್ನೇ ಕೇಳಿ.

ಬಳಿಕ ಅದೇ ದೃಶ್ಯವನ್ನು ಸರಿಯಾದ ರೀತಿಯಲ್ಲಿ ಆಡಿ ತೋರಿಸಿ. ಮುಂದೆ ಇರುವವರಿಂದ ಒಂದು ಕೈಯಳತೆ ದೂರ ನಿಲ್ಲುವುದು, ಕೈಗಳನ್ನು ಎದೆಗೆ ಕಟ್ಟಿಕೊಳ್ಳುವುದು, ತೀರಾ ಅವಸರವಿದ್ದರೆ "ನಾನು ಮೊದಲು ಹೋಗ್ಲಾ?" ಎಂದು ಕೇಳುವುದು. ಚಿಕ್ಕ ಮಕ್ಕಳಿಗೆ ಸುಮ್ಮನೆ ಕಾಯುವುದು ಕಷ್ಟ. ಕಾಯುವಾಗ ಮಾಡಲು ಒಂದು ಕೆಲಸವಿದ್ದರೆ ಸುಲಭ. ನಮ್ಮಲ್ಲಿ ಸಾಲಿನಲ್ಲಿ ನಿಂತವರು ಮುಂದಿರುವವರು ನೀರು ಕುಡಿಯುವಾಗ ಮೆಲ್ಲಗೆ ಹತ್ತರವರೆಗೆ ಎಣಿಸುತ್ತಾರೆ, ಹತ್ತಾದ ಮೇಲೆ ಸರದಿ ಬದಲು. ಗಣಿತವೂ ಆಯಿತು, ಎಷ್ಟು ಹೊತ್ತು ಕಾಯಬೇಕು ಎಂಬುದು ಕಣ್ಣಿಗೆ ಕಟ್ಟಿದಂತೆಯೂ ಆಯಿತು. ಆಮೇಲೆ ಎಲ್ಲ ಮಕ್ಕಳೂ ಜೋಡಿಯಾಗಿ ಒಮ್ಮೆ ಆಡಿ ನೋಡಲಿ. ಒಟ್ಟು ಹತ್ತು ನಿಮಿಷ ದಾಟಬಾರದು.

ಅದೇ ದಿನ ನಲ್ಲಿಯ ಬಳಿ ನೀವು ನಿಲ್ಲಲೇಬೇಕು. ಬೆಳಿಗ್ಗೆ ಅಭ್ಯಾಸ ಮಾಡಿದ್ದು ಅದೇ ದಿನ ನಿಜವಾದ ಸಂದರ್ಭದಲ್ಲಿ ಬಳಕೆಗೆ ಬಾರದಿದ್ದರೆ ಮರುದಿನಕ್ಕೆ ಅದು ಮರೆತುಹೋದ ನಾಟಕ. ಕಾಯುತ್ತ ನಿಂತ ಮಗುವನ್ನು ಕಂಡಾಗ "ಗುಡ್, ವೆರಿ ಗುಡ್" ಎನ್ನುವುದರ ಬದಲು ಕಂಡದ್ದನ್ನೇ ಹೇಳಿ: "ನೀನು ಅವಳು ಕುಡಿಯೋ ತನಕ ಕಾದೆ, ಅವಳ ಬಟ್ಟೆ ನೆನೀಲಿಲ್ಲ." ತಾನು ಮಾಡಿದ್ದು ಏನು, ಅದರಿಂದ ಆದದ್ದು ಏನು ಎಂಬುದು ಮಗುವಿಗೆ ಹೀಗೆ ಗೊತ್ತಾಗುತ್ತದೆ. ಒಂದು ಕೌಶಲಕ್ಕೆ ಎರಡು ವಾರ ಕೊಡಿ. ದಿನವೂ ಹೊಸ ದೃಶ್ಯ ಬೇಕಿಲ್ಲ, ಅದೇ ದೃಶ್ಯವನ್ನು ಬಿಸಿಯೂಟದ ಸಾಲಿಗೆ, ಕಾರ್ಡು ತೆಗೆಯುವ ಮೂಲೆಗೆ, ಜಾರುಬಂಡೆಗೆ ಒಯ್ದರೆ ಸಾಕು.

ಗುಂಪಿನೊಳಗಿನ ನೆರವು

ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಶುರುವಾದದ್ದು. ಆಂಧ್ರದ ರಿಷಿವ್ಯಾಲಿ ಶಿಕ್ಷಣ ಸಂಸ್ಥೆಯ ಶಾಲೆಗಳಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ ಬಹುಹಂತದ ಕಲಿಕೆಯನ್ನು ಕಣ್ಣಾರೆ ಕಂಡುಬಂದ ಶಿಕ್ಷಕರೇ ಅದನ್ನು ಕಟ್ಟಿದರು. ಆ ವಿಧಾನದಲ್ಲಿ ಮಕ್ಕಳು ಶಿಕ್ಷಕರ ಬೆಂಬಲದ ಗುಂಪಿನಿಂದ ಸಹಪಾಠಿಗಳ ಬೆಂಬಲದ ಗುಂಪಿಗೆ, ಅಲ್ಲಿಂದ ಸ್ವಕಲಿಕೆಯ ಗುಂಪಿಗೆ ಸಾಗುತ್ತಾರೆ. ಸಹಪಾಠಿಗಳ ಬೆಂಬಲ ಎಂದು ಬರೆದಿಟ್ಟ ಮಾತ್ರಕ್ಕೆ ಬೆಂಬಲ ಕೊಡುವುದು ಮಕ್ಕಳಿಗೆ ಬಂದುಬಿಡುವುದಿಲ್ಲ. ಗಮನಿಸಿ ನೋಡಿದರೆ, ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿನ ಕೈಯಿಂದ ಸ್ಲೇಟು ಎಳೆದುಕೊಂಡು ತಾನೇ ಬರೆದು ವಾಪಸ್ಸು ಕೊಡುತ್ತಿರುತ್ತದೆ, ಇಲ್ಲವೇ "ಅಯ್ಯೋ, ಇಷ್ಟೂ ಬರಲ್ವಾ" ಎನ್ನುತ್ತಿರುತ್ತದೆ. ಮೊದಲನೆಯದರಲ್ಲಿ ಕಲಿಕೆಯಿಲ್ಲ, ಎರಡನೆಯದರಲ್ಲಿ ಅವಮಾನವಿದೆ.

ಆದ್ದರಿಂದ ನೆರವಾಗುವುದನ್ನೂ ಒಂದು ಕೌಶಲವಾಗಿ ಕಲಿಸಬೇಕು. ನಾನು ಮೂರು ಕಟ್ಟುಪಾಡುಗಳನ್ನು ಇಟ್ಟಿದ್ದೇನೆ. ಬಳಪ ಯಾವಾಗಲೂ ಕಲಿಯುವವರ ಕೈಯಲ್ಲೇ ಇರಬೇಕು. ಹೇಳಿಕೊಡುವವರು ಮೊದಲು "ಎಲ್ಲಿ ತನಕ ಬಂತು?" ಎಂದು ಕೇಳಬೇಕು. ಉತ್ತರ ಹೇಳುವುದಕ್ಕೆ ಮುಂಚೆ ಕಾರ್ಡಿನಲ್ಲಿರುವ ಚಿತ್ರವನ್ನು ಬೆರಳಿಟ್ಟು ತೋರಿಸಬೇಕು. ಮೂರನೇ ತರಗತಿಯ ಹುಡುಗಿಯೊಬ್ಬಳು ಒಂದನೇ ತರಗತಿಯ ಮಗುವಿಗೆ 'ರ' ಮತ್ತು 'ಗ' ಹೇಳಿಕೊಡುತ್ತಿದ್ದುದನ್ನು ಒಮ್ಮೆ ದೂರದಿಂದ ನೋಡಿದೆ. ಮಗು ಮತ್ತೆ ಮತ್ತೆ ತಪ್ಪಿತು. ಅವಳ ಕೈ ಸ್ಲೇಟಿನ ಕಡೆ ಹೋಯಿತು, ನಡುವೆಯೇ ನಿಂತಿತು, ಹಿಂದಕ್ಕೆ ಬಂದು ಅವಳ ತೊಡೆಯ ಕೆಳಗೆ ಸೇರಿಕೊಂಡಿತು. ಎರಡೂ ಕೈಗಳನ್ನು ಹಾಗೆ ಅದುಮಿಟ್ಟುಕೊಂಡು ಕುಳಿತು "ಇನ್ನೊಂದ್ಸಲ ನೋಡು, ಗರಗಸದ ಗ" ಎಂದಳು. ಪಾಠ ಅವಳೊಳಗೆ ಇಳಿದಿದೆ ಎಂದು ನನಗೆ ಖಾತ್ರಿಯಾದದ್ದು ಆ ಕೈಗಳನ್ನು ನೋಡಿ.

ಜಗಳ ನಡೆದೇ ಹೋದಾಗ

ಜಗಳದ ನಡುವೆ ಪಾಠ ಮಾಡಬೇಡಿ. ಅಳುತ್ತಿರುವ, ಏದುಸಿರು ಬಿಡುತ್ತಿರುವ ಮಗುವಿನ ಕಿವಿಗೆ ಯಾವ ಬುದ್ಧಿಮಾತೂ ಇಳಿಯುವುದಿಲ್ಲ. ಮೊದಲು ಬೇರ್ಪಡಿಸಿ, ಪೆಟ್ಟಾಗಿದೆಯೇ ನೋಡಿ, ಮುಖ ತೊಳೆಸಿ, ನೀರು ಕುಡಿಸಿ. ಹತ್ತು ನಿಮಿಷದ ಬಳಿಕ ಇಬ್ಬರನ್ನೂ ಕೂರಿಸಿ, ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಿಸಿಕೊಳ್ಳುವಂತೆ ಮಾಡಿ. ಕೈಯಲ್ಲಿ ಡಸ್ಟರ್ ಹಿಡಿದವರು ಮಾತ್ರ ಮಾತಾಡಬೇಕು ಎಂಬ ನಿಯಮ ಸಾಕು. "ಮೊದಲು ಶುರು ಮಾಡಿದ್ದು ಯಾರು" ಎಂಬ ವಿಚಾರಣೆ ಎಂದೂ ಮುಗಿಯದು, ಅದನ್ನು ಕೈಬಿಡಿ. "ನಿನಗೆ ಏನು ಬೇಕಾಗಿತ್ತು?" ಎಂದು ಇಬ್ಬರನ್ನೂ ಕೇಳಿ, ಆಮೇಲೆ "ಅದನ್ನ ಹೇಗೆ ಕೇಳಬಹುದಾಗಿತ್ತು? ಈಗ ಕೇಳಿ ನೋಡು" ಎಂದು ಆ ಗಳಿಗೆಯನ್ನು ಮತ್ತೆ ಆಡಿಸಿ. ಮೆಂಡರಿನ ಜಗಳಕ್ಕೆ ನಾನು ಅಂದು ಮಾಡಬೇಕಾಗಿದ್ದದ್ದು ಇದನ್ನೇ.

ಹೊಡೆಯುವುದು, ಬೆಂಚಿನ ಮೇಲೆ ನಿಲ್ಲಿಸುವುದು, ಎಲ್ಲರ ಮುಂದೆ ಹಂಗಿಸುವುದು ಇವ್ಯಾವುವೂ ಇಲ್ಲಿ ಸಲ್ಲವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯ್ದೆಯ ಮಾತು ಒತ್ತಟ್ಟಿಗಿರಲಿ, "ಯಾರಿಗೂ ಹೊಡೀಬಾರದು" ಎಂದು ಹೊಡೆದು ಹೇಳಿದರೆ ಮಗು ಕಲಿಯುವುದು ದೊಡ್ಡವರಿಗೆ ಹೊಡೆಯುವ ಅಧಿಕಾರವಿದೆ ಎಂಬುದನ್ನು ಮಾತ್ರ.

"ಟೀಚರ್, ಇವನು ನೋಡಿ" ಎಂದು ದಿನಕ್ಕೆ ಮೂವತ್ತು ಸಲ ಬರುವ ದೂರುಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಬೇಸತ್ತು "ಚಾಡಿ ಹೇಳಬೇಡ, ಹೋಗು" ಎಂದುಬಿಡುವುದು ಸುಲಭ. ಆದರೆ ಹಾಗೆ ಹತ್ತು ಸಲ ಬಾಯಿ ಮುಚ್ಚಿಸಿಕೊಂಡ ಮಗು, ಯಾರೋ ತನ್ನನ್ನು ಕೆಟ್ಟದಾಗಿ ಮುಟ್ಟಿದರೆ ಹನ್ನೊಂದನೆಯ ಸಲ ನಮ್ಮ ಬಳಿ ಬರುವುದಿಲ್ಲ. ಯಾರಿಗಾದರೂ ನೋವಾಗುತ್ತಿದ್ದರೆ, ಭಯವಾಗುತ್ತಿದ್ದರೆ, ಯಾರಾದರೂ "ಯಾರಿಗೂ ಹೇಳಬೇಡ" ಎಂದಿದ್ದರೆ ತಕ್ಷಣ ಬಂದು ಹೇಳಬೇಕು ಎಂಬುದನ್ನು ಮಕ್ಕಳಿಗೆ ತಿಂಗಳಿಗೊಮ್ಮೆ ನೆನಪಿಸಿ. ಉಳಿದ ಸಣ್ಣ ದೂರುಗಳಿಗೆ "ನೀನು ಅವನಿಗೆ ಹೇಳಿ ನೋಡಿದೆಯಾ? ಏನಂತ ಹೇಳಿದೆ?" ಎಂದು ಕೇಳಿ, ವಾಕ್ಯ ಸರಿಪಡಿಸಿ ಕಳುಹಿಸಿ. ಮಕ್ಕಳ ಸಹಾಯವಾಣಿ 1098 ತರಗತಿಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರದಲ್ಲಿ ಇರಲಿ.

ಊಟದ ಪಂಕ್ತಿ

ಅಕ್ಷರ ದಾಸೋಹದ ಊಟ 2002ರಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ದಿನವೂ ಎಲ್ಲ ಮಕ್ಕಳೂ ಒಟ್ಟಿಗೆ ಕೂರುವ ಈ ಅರ್ಧ ಗಂಟೆಗಿಂತ ಒಳ್ಳೆಯ ಪಾಠದ ಅವಧಿ ನನಗೆ ಗೊತ್ತಿಲ್ಲ. ಅದೇ ಹೊತ್ತಿನಲ್ಲಿ, ಸುಮ್ಮನೆ ಬಿಟ್ಟರೆ ಮಕ್ಕಳು ಕೇರಿಗಳ ಪ್ರಕಾರ ಕುಳಿತುಬಿಡುವುದೂ ಇಲ್ಲಿಯೇ. ಯಾರೂ ಅವರಿಗೆ ಹಾಗೆ ಕೂರಲು ಹೇಳಿರುವುದಿಲ್ಲ. ಬರುವ ದಾರಿ ಒಂದೇ, ಆಡುವ ಅಂಗಳ ಒಂದೇ, ಹಾಗೆಯೇ ಪಂಕ್ತಿಯೂ ಒಂದಾಗುತ್ತದೆ. ಮನೆಯಲ್ಲಿ ಹೇಳಿ ಕಳುಹಿಸಿರುವ ಮಕ್ಕಳೂ ಕೆಲವರಿರುತ್ತಾರೆ. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ನೀಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿದ್ದರ ಹಿಂದೆ, ಈ ಪಂಕ್ತಿ ಸಮಾನರದ್ದಾಗಬೇಕು ಎಂಬ ಆಶಯವೂ ಇದೆ ಎಂದು ನಾನು ತಿಳಿದಿದ್ದೇನೆ.

ಇದರ ಬಗ್ಗೆ ಆರು ವರ್ಷದ ಮಕ್ಕಳಿಗೆ ಭಾಷಣ ಮಾಡಿ ಫಲವಿಲ್ಲ, ಕೂರುವ ಕ್ರಮವನ್ನು ನಾವೇ ಹೊಂದಿಸಬೇಕು. ಬೆಳಿಗ್ಗೆಯ ಕಲಿಕಾ ಗುಂಪುಗಳೇ ಊಟದ ಗುಂಪುಗಳಾಗಲಿ, ಕಲಿಕಾ ಗುಂಪು ಬದಲಾದಂತೆ ಪಂಕ್ತಿಯೂ ಬದಲಾಗಲಿ. ಬಡಿಸುವುದಕ್ಕೆ ಮುಂಚೆ ಎಲ್ಲರಿಗೂ ತಟ್ಟೆ, ಲೋಟ ಕೊಡುವ ಕೆಲಸ ವಾರಕ್ಕೊಂದು ಗುಂಪಿನದು, ಅದರಲ್ಲಿ ಹುಡುಗರು ಹುಡುಗಿಯರು ಎಂಬ ಭೇದ ಬೇಡ. ಕಸ ಗುಡಿಸುವುದು ಹುಡುಗಿಯರಿಗೆ, ಬೆಲ್ ಹೊಡೆಯುವುದು ಹುಡುಗರಿಗೆ ಎಂಬ ಹಂಚಿಕೆ ನಿಮ್ಮ ಶಾಲೆಯಲ್ಲಿದ್ದರೆ ಮೊದಲು ಅದನ್ನು ತೆಗೆಯಿರಿ. ಶಿಕ್ಷಕರು ಅದೇ ಪಂಕ್ತಿಯಲ್ಲಿ ಕುಳಿತು ಅದೇ ಸಾಂಬಾರು ಉಣ್ಣುವುದು ಎಲ್ಲ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಡುಗೆಯವರನ್ನು ಮಕ್ಕಳು ಅಜ್ಜಿ, ಅಮ್ಮ, ಅಕ್ಕ ಎಂದು, ಬಹುವಚನದಲ್ಲಿ ಮಾತಾಡಿಸಲಿ: "ಇನ್ನೂ ಸ್ವಲ್ಪ ಅನ್ನ ಹಾಕ್ತೀರಾ?" ಕೇಳಿಕೆಯ ಪಾಠಕ್ಕೆ ಇದಕ್ಕಿಂತ ಸಹಜವಾದ ಅಭ್ಯಾಸ ಇನ್ನೆಲ್ಲಿ ಸಿಗುತ್ತದೆ?

ಹತ್ತಿರ ಕೂತ ಮಾತ್ರಕ್ಕೆ ಸ್ನೇಹ ಬೆಳೆಯುವುದಿಲ್ಲ, ಒಬ್ಬರಿಗೊಬ್ಬರು ಬೇಕಾಗುವಂಥ ಕೆಲಸವಿರಬೇಕು. ಅಮೆರಿಕದ ಆಸ್ಟಿನ್ ನಗರದಲ್ಲಿ ಬಿಳಿಯ ಮಕ್ಕಳೂ ಕಪ್ಪು ಮಕ್ಕಳೂ ಮೊದಲ ಬಾರಿಗೆ ಒಂದೇ ತರಗತಿಗೆ ಬಂದು ತಿಕ್ಕಾಟ ಹೆಚ್ಚಿದಾಗ, ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ 1971ರಲ್ಲಿ ಪಾಠವನ್ನು ತುಣುಕು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಣುಕು ಕೊಡುವ ಕ್ರಮವನ್ನು ರೂಪಿಸಿದರು. ಪ್ರತಿಯೊಬ್ಬರೂ ಹೇಳಿದರೆ ಮಾತ್ರ ಪಾಠ ಪೂರ್ತಿಯಾಗುತ್ತದೆ. ಅದನ್ನೇ ಸರಳಗೊಳಿಸಿ, ಕಥೆಯೊಂದರ ನಾಲ್ಕು ಚಿತ್ರಗಳನ್ನು ನಾಲ್ವರಿಗೆ ಹಂಚಿ, ತಮ್ಮ ಚಿತ್ರವನ್ನು ಬೇರೆಯವರಿಗೆ ತೋರಿಸದೆ ಬಾಯಿಮಾತಿನಲ್ಲಿ ವಿವರಿಸಿ ಕಥೆ ಜೋಡಿಸುವಂತೆ ಎರಡು, ಮೂರನೇ ತರಗತಿಯ ಮಕ್ಕಳಿಗೆ ಕೊಡಬಹುದು. ಎಂದೂ ಬಾಯಿ ಬಿಡದ ಮಗುವಿನ ಕೈಯಲ್ಲೂ ಒಂದು ಚಿತ್ರವಿರುವುದರಿಂದ ಉಳಿದ ಮೂವರು ಅದರ ಮಾತಿಗಾಗಿ ಕಾಯುತ್ತಾರೆ.

ಮಾತಾಡದ ಮಕ್ಕಳ ಬಗ್ಗೆ ಒಂದು ಕಿವಿಮಾತು. ಕಟ್ಟಡದ ಕೆಲಸಕ್ಕೋ ತೋಟದ ಕೆಲಸಕ್ಕೋ ಬಂದ ಕುಟುಂಬದ ಮಗು ತಿಂಗಳುಗಟ್ಟಲೆ ಮೌನವಾಗಿರಬಹುದು. ಅದರ ಮನೆಮಾತಿನ ನಾಲ್ಕು ಪದಗಳನ್ನು ಇಡೀ ತರಗತಿ ಕಲಿತರೆ, ಕಲಿಸುವ ಸ್ಥಾನ ಆ ಮಗುವಿಗೆ ಸಿಗುತ್ತದೆ. ಇನ್ನು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಎಂದು ಯಾರನ್ನೂ ಒತ್ತಾಯಿಸಬೇಡಿ; ಹಿರಿಯರೆದುರು ತಲೆ ತಗ್ಗಿಸುವುದೇ ಮರ್ಯಾದೆ ಎಂದು ಕಲಿತ ಮಕ್ಕಳಿಗೂ, ಆಟಿಸಂ ಇರುವ ಮಕ್ಕಳಿಗೂ ಅದು ಹಿಂಸೆ.

ಆಟ, ದಾಖಲೆ, ಮನೆ

ಸೋಲುವುದನ್ನು ಕಲಿಸಲು ಕುಂಟೆಬಿಲ್ಲೆ, ಲಗೋರಿ, ಚೌಕಾಬಾರಗಳಷ್ಟು ಒಳ್ಳೆಯ ಸಾಧನಗಳಿಲ್ಲ. ಗೆದ್ದವರು ಯಾರು ಎಂಬುದು ನಿಮಿಷಗಳಲ್ಲಿ ಬದಲಾಗುತ್ತದೆ, ಇನ್ನೊಂದು ಆಟ ಕೂಡಲೇ ಶುರುವಾಗುತ್ತದೆ. ಒಂದನೇ ತರಗತಿಯವರಿಗೆ ಮೊದಲು ಎಲ್ಲರೂ ಸೇರಿ ಗೆಲ್ಲುವ ಆಟ ಕೊಡಿ, ಉದಾಹರಣೆಗೆ ಚೆಂಡನ್ನು ಕೆಳಗೆ ಬೀಳಿಸದೆ ವೃತ್ತದಲ್ಲಿ ಎಷ್ಟು ಸಲ ದಾಟಿಸಬಹುದು ಎಂಬುದು. ಸೋಲು ಗೆಲುವಿನ ಆಟ ಅಕ್ಟೋಬರ್ ನಂತರವಾದರೂ ನಡೆಯುತ್ತದೆ. ಗುಂಪು ಆರಿಸುವಾಗ ನಾಯಕರು ಒಬ್ಬೊಬ್ಬರನ್ನೇ ಕರೆಯುವ ಪದ್ಧತಿಯನ್ನು ಮಾತ್ರ ನಿಲ್ಲಿಸಿ. ಪ್ರತಿ ದಿನವೂ ಕೊನೆಯವರಾಗಿ ಉಳಿಯುವ ಮಗುವಿನ ಮುಖವನ್ನು ಒಮ್ಮೆ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಎಣಿಸಿ ಬೇರ್ಪಡಿಸಿದರೆ ಆಯಿತು.

ಈ ಕಲಿಕೆಗೆ ಅಂಕ, ನಕ್ಷತ್ರ, ಗೋಡೆಯ ಪಟ್ಟಿ ಯಾವುದೂ ಬೇಡ. ಪ್ರತಿ ಮಗುವಿಗೆ ತಿಂಗಳಿಗೆ ಒಂದು ಸಾಲು ಬರೆಯಿರಿ, ದಿನಾಂಕದೊಂದಿಗೆ, ಕಂಡದ್ದನ್ನು ಕಂಡಂತೆ: "ಜುಲೈ 18, ರಬ್ಬರು ಕೇಳಿದ, ಇಲ್ಲವೆಂದಾಗ ಡಬ್ಬಿಯಿಂದ ತೆಗೆದುಕೊಂಡ." ಪೋಷಕರ ಸಭೆಯಲ್ಲಿ ಈ ಸಾಲನ್ನು ಓದಿ ಹೇಳಿ. ಕೂಲಿಗೆ ಹೋಗುವ ತಾಯಿಯೊಬ್ಬರು ಮಗನ ಬಗ್ಗೆ ದೂರು ಕೇಳಲು ಸಿದ್ಧರಾಗಿಯೇ ಬಂದು ನಿಂತಿರುತ್ತಾರೆ. ಅವರ ಮಗ ಬಿದ್ದ ಮಗುವನ್ನು ಎಬ್ಬಿಸಿದ ಎಂದು ದಿನಾಂಕ ಸಮೇತ ಓದಿದರೆ, ಮನೆಯಲ್ಲಿ ಆ ಮಾತು ಹಲವು ದಿನ ಓಡಾಡುತ್ತದೆ. ಮನೆಯಲ್ಲಿ ಅವರೂ "ತಗೊಂಡು ಬಾ" ಎನ್ನುವ ಕಡೆ ಒಮ್ಮೊಮ್ಮೆ "ತಂದುಕೊಡ್ತೀಯಾ?" ಎಂದು ಕೇಳಬಹುದು ಎಂದು ಸೂಚಿಸಿ.

ದಸರಾ ರಜೆ ಮುಗಿಸಿ ಬಂದ ಮಕ್ಕಳು ಅರ್ಧದಷ್ಟನ್ನು ಮರೆತಿರುತ್ತಾರೆ. ನಲ್ಲಿಯ ಬಳಿ ಮತ್ತೆ ನೂಕಾಟ ಕಂಡರೆ ಗಾಬರಿಯಾಗದೆ, ರಜೆಯ ನಂತರದ ಮೊದಲ ಮೂರು ದಿನ ಜೂನ್ ತಿಂಗಳ ಅದೇ ದೃಶ್ಯಗಳನ್ನು ಮತ್ತೆ ಆಡಿಸಿ. ಈ ಸಲ ಎರಡನೇ ತರಗತಿಯವರು ಆಡಿ ತೋರಿಸಲಿ, ನೀವು ವೃತ್ತದಲ್ಲಿ ಮಕ್ಕಳ ಜೊತೆ ಕುಳಿತು ನೋಡಿ.